ಮುಖಪುಟ ಗೋಡೆಗೆ, ಉಳಿದದ್ದು ಗುಜರಿಗೆ

ಹಳೆಯ ‘ಚಂದಮಾಮ’ದ ಮುಖಪುಟಕ್ಕೆ ಕಟ್ಟು ಹಾಕಿಸಿ ಗೋಡೆಯಲ್ಲಿ ತೂಗುಹಾಕುವವರನ್ನು ಕಂಡರೆ ನನಗೆ ಸಂತೋಷವೇ. ಎಂ.ಟಿ.ವಿ. ಆಚಾರ್ಯ, ವಡ್ಡಾದಿ ಪಾಪಯ್ಯ ಮುಂತಾದವರ ಚಿತ್ರಗಳನ್ನು ಕಲೆ ಎಂದು ಒಪ್ಪಲು ನಾವು ತೀರಾ ತಡ ಮಾಡಿದೆವು. 1947ರಲ್ಲಿ ಮದರಾಸಿನಿಂದ ತೆಲುಗು, ತಮಿಳಿನಲ್ಲಿ ಹೊರಟು 1949ರಲ್ಲಿ ಕನ್ನಡಕ್ಕೆ ಬಂದ ಆ ಪತ್ರಿಕೆ, ಚಿತ್ರಶಾಲೆಯ ಮೆಟ್ಟಿಲು ಹತ್ತದ ಮನೆಗಳಿಗೂ ತಿಂಗಳಿಗೊಂದು ವರ್ಣಚಿತ್ರ ಮುಟ್ಟಿಸಿತು.

ನನ್ನ ಪ್ರಶ್ನೆ ಬೇರೆ. ಮುಖಪುಟದ ಹಿಂದಿದ್ದ ಪುಟಗಳು ಎಲ್ಲಿ ಹೋದವು?

ಪಡೀಲಿನಲ್ಲಿ ನನ್ನ ಬಾಡಿಗೆ ಕೋಣೆಯ ಹತ್ತಿರ ಒಂದು ಗುಜರಿ ಅಂಗಡಿಯಿದೆ. ಕಾಗದಕ್ಕೆ ಅಲ್ಲಿ ಕಿಲೋ ಲೆಕ್ಕ. ಮುಖಪುಟವಿಲ್ಲದ ‘ತುಷಾರ’, ‘ಮಯೂರ’, ‘ಕಸ್ತೂರಿ’ಗಳು ಗೋಣಿಯಲ್ಲಿ ಸಿಗುತ್ತವೆ. ಕೇಳಿದರೆ, “ಮೇಲಿನ ಚಿತ್ರ ಬೇರೆಯವರು ತಕೊಂಡು ಹೋದ್ರು, ಅದಕ್ಕೆ ಬೇರೆ ರೇಟು ಮಾರಾಯ್ರೆ” ಎಂಬ ಉತ್ತರ.

ಸಂಗ್ರಾಹಕರ ಸಮರ್ಥನೆ ಸುಲಭವಾಗಿ ತಳ್ಳಿಹಾಕುವಂಥದ್ದಲ್ಲ. ಹೇಗೂ ರದ್ದಿಗೆ ಹೋಗುವುದರಲ್ಲಿ ಒಂದು ಹಾಳೆಯಾದರೂ ಉಳಿಯಿತಲ್ಲ ಎನ್ನುತ್ತಾರೆ. ನಮ್ಮ ಅಜ್ಜಿಯರೂ ಕ್ಯಾಲೆಂಡರಿನ ಲಕ್ಷ್ಮಿಯನ್ನು ಕತ್ತರಿಸಿ ದೇವರ ಕೋಣೆಯಲ್ಲಿ ಇಟ್ಟವರೇ. ಆದರೆ ಡಿಸೆಂಬರ್ ದಾಟಿದ ಮೇಲೆ ತಾರೀಕುಗಳಿಂದ ಯಾರಿಗೂ ಕೆಲಸವಿಲ್ಲ, ಕಥೆ ಹಾಗಲ್ಲ. ಮೊದಲೇ ಹರಿದುಹೋದ ಪ್ರತಿಯಿಂದ ತೆಗೆದರೆ ಅದು ಉಳಿಸಿದ್ದು ನಿಜ. ಮುಖಪುಟಕ್ಕೊಂದು ಬೆಲೆ ನಿಗದಿಯಾದ ಮೇಲೆ ಮಾತ್ರ ಗಟ್ಟಿಮುಟ್ಟಾದ ಪ್ರತಿಯೂ ಬ್ಲೇಡಿಗೆ ಸಿಗುತ್ತದೆ. ಆಗ ಕೊಂಡವರೇ ಹರಿಸಿದಂತೆ.

ಗ್ರಂಥಾಲಯಗಳೂ ಇದರಲ್ಲಿ ಪಾಲುದಾರರು. ವರ್ಷದ ಸಂಚಿಕೆಗಳನ್ನು ಬೈಂಡ್ ಮಾಡಿಸುವಾಗ ಎಷ್ಟೋ ಕಡೆ ಮುಖಪುಟ, ಜಾಹೀರಾತುಗಳನ್ನು ಕಿತ್ತೆಸೆದರು. ಸಂಶೋಧನೆಗೆಂದು ಸಂಪುಟ ತೆರೆದರೆ ಕಥೆಗಳಿವೆ, ಮುಖವಿಲ್ಲ. ಅವರಿಗೆ ಓದು ಸಾಕು, ಇವರಿಗೆ ನೋಟ ಸಾಕು.

ಇದೇ ಮಂಗಳೂರಿನಲ್ಲಿ 1843ರಲ್ಲಿ ಹರ್ಮನ್ ಮೋಗ್ಲಿಂಗ್ ಕಲ್ಲಚ್ಚಿನಲ್ಲಿ ಹೊರಡಿಸಿದ ‘ಮಂಗಳೂರ ಸಮಾಚಾರ’ಕ್ಕೆ ಗೋಡೆಗೆ ಏರುವಂಥ ಬಣ್ಣದ ಮುಖಪುಟವಿರಲಿಲ್ಲ. ಚಂದವೊಂದೇ ಅಳತೆಯಾದರೆ ಕನ್ನಡದ ಮೊದಲ ಪತ್ರಿಕೆಯನ್ನೇ ಕಾಪಾಡಲು ಕಾರಣ ಸಿಗುವುದಿಲ್ಲ.

ಗೋಡೆಯ ಮೇಲಿನದ್ದಾದರೂ ಎಷ್ಟು ದಿನ? ನಮ್ಮ ಮಳೆಗಾಲದಲ್ಲಿ ಗಾಜಿಗೆ ಅಂಟಿದ ಹಾಳೆಗೆ ಬೂಷ್ಟು ಹಿಡಿಯುತ್ತದೆ. ಬಿಸಿಲು ತಾಗಿದರೆ ಬಣ್ಣ ಮಾಸುತ್ತದೆ.

ಮುಖಪುಟ ಎಂಬುದು ಸಾವಿರಾರು ಪ್ರತಿಗಳಾಗಿ ಅಚ್ಚಾದದ್ದು. ಕಲಾವಿದರ ಕೈ ತಾಗಿದ ಮೂಲಚಿತ್ರ ಬೇರೆ. ಕಣ್ಣಿಗೆ ಬೇಕಾದದ್ದನ್ನು ಒಳ್ಳೆಯ ಸ್ಕ್ಯಾನ್ ಪ್ರತಿಯೂ ಬಹುಮಟ್ಟಿಗೆ ಕೊಡುತ್ತದೆ. ಹಳೆಯ ಹಾಳೆಯೇ ಬೇಕೆನ್ನುವವರಿಗೆ ಬೇಕಾದದ್ದು ಅದರ ವಯಸ್ಸು. ಆ ವಯಸ್ಸಾದರೋ ಮೂಲೆಯಲ್ಲಿ ಶಾಯಿಯಿಂದ ಬರೆದ ಮಗುವಿನ ಹೆಸರಿನಲ್ಲಿದೆ, ವಾಚನಾಲಯದ ಮೊಹರಿನಲ್ಲಿದೆ, ಎಣ್ಣೆಯ ಬೆರಳು ತಾಗಿದ ಒಳಪುಟಗಳಲ್ಲಿದೆ. ಚೊಕ್ಕ ಪ್ರತಿಯನ್ನೇ ಹುಡುಕುವ ಮಾರುಕಟ್ಟೆ ಇದನ್ನೇ ಕಳಂಕ ಎಂದು ಬೆಲೆ ಇಳಿಸುತ್ತದೆ, ವಿಚಿತ್ರ!

ಕೊಳ್ಳುವವರು ಮಾರುವವರನ್ನು ಒಮ್ಮೆ ಕೇಳಬಹುದು: ಇದರ ಉಳಿದ ಪುಟಗಳಿವೆಯೇ? ಇದ್ದರೆ ಬಿಡಿಸಬೇಡಿ, ಪೂರ್ತಿ ಸಂಚಿಕೆಯೇ ಕೊಡಿ.