ಕೊಟ್ಟ ವರ್ಷದ ಲೆಕ್ಕ

ಇವತ್ತಿನ ಚಿಂತನೆ ಬರೆಯುವ ಸರದಿ ನನ್ನದು. ಎಸ್ಸೆಸ್ಸೆಲ್ಸಿ ಮೌಲ್ಯಮಾಪನ ಮುಗಿಸಿ ಬಂದು ಎರಡು ದಿನವಾಯಿತಷ್ಟೆ. ಕಣ್ಣ ಮುಂದೆ ಇನ್ನೂ ಕೆಂಪು ಶಾಯಿಯೇ ಇದೆ. ಸ್ವಲ್ಪ ಉದ್ದವಾದರೆ ಕ್ಷಮಿಸಿ.

ಹೋದ ಭಾನುವಾರ ನಾವು ಸಿಗಾಲೋವಾದ ಸುತ್ತ ಓದಿದೆವಲ್ಲ. ಮಕ್ಕಳಿಗೆ ತಂದೆ ತಾಯಿ ಮಾಡಬೇಕಾದ ಐದು ಕೆಲಸಗಳು ಅಲ್ಲಿ ಬರುತ್ತವೆ. ಕೆಟ್ಟದ್ದರಿಂದ ತಡೆಯುವುದು, ಒಳ್ಳೆಯದರಲ್ಲಿ ನೆಲೆ ನಿಲ್ಲಿಸುವುದು, ಒಂದು ಕಸುಬು ಕಲಿಸುವುದು, ತಕ್ಕ ಕಡೆ ಮದುವೆ ಮಾಡುವುದು, ಹೊತ್ತಿಗೆ ಸರಿಯಾಗಿ ಆಸ್ತಿ ಒಪ್ಪಿಸುವುದು. ಆಗ ನಮ್ಮಲ್ಲಿ ಒಬ್ಬರು, "ಇದೆಲ್ಲ ಮಕ್ಕಳಿಗೆ ಎಷ್ಟು ವರ್ಷ ಆಗುವವರೆಗೆ?" ಎಂದು ಕೇಳಿದರು. ಸುತ್ತದಲ್ಲಿ ವಯಸ್ಸು ಹೇಳಿಲ್ಲ. ಕಸುಬು ಕಲಿಸಬೇಕು ಎಂದಿದೆ, ಎಷ್ಟನೆಯ ಪ್ರಯತ್ನದವರೆಗೆ ಎಂದಿಲ್ಲ. ಎಲ್ಲರೂ ನಕ್ಕಿರಿ. ನನಗೆ ನಗು ಬರಲಿಲ್ಲ. ಅದೇ ಪ್ರಶ್ನೆ ನಮ್ಮ ಮನೆಯ ಜಗಲಿಯಲ್ಲಿ ಹನ್ನೊಂದು ತಿಂಗಳಿಂದ ಕೂತಿದೆ.

ಮಗಳು 2024ರಲ್ಲಿ ದ್ವಿತೀಯ ಪಿಯುಸಿ ಮುಗಿಸಿ ಮೇ 5ರಂದು ನೀಟ್ ಬರೆದಳು. ದೇಶದಲ್ಲಿ ಬರೆದವರು 23 ಲಕ್ಷಕ್ಕಿಂತ ಹೆಚ್ಚು ಮಂದಿ. ಎಂಬಿಬಿಎಸ್ ಸೀಟು ಸರಕಾರಿ, ಖಾಸಗಿ ಎಲ್ಲ ಸೇರಿ ಒಂದು ಲಕ್ಷ ಚಿಲ್ಲರೆ. ಅಂದರೆ ಇಪ್ಪತ್ತು ಜನರಲ್ಲಿ ಒಬ್ಬರಿಗೆ. ಖಾಸಗಿಯದು ನಮ್ಮಂಥವರ ಲೆಕ್ಕಕ್ಕೆ ಬರುವುದಿಲ್ಲವಾದ್ದರಿಂದ ಅದೂ ಇಲ್ಲ. ಜೂನ್ 4ಕ್ಕೆ ಫಲಿತಾಂಶ ಬಂತು. ಅವತ್ತೇ ಲೋಕಸಭೆಯ ಮತ ಎಣಿಕೆ. ಟಿವಿಯಲ್ಲಿ ಸೀಟುಗಳ ಸುದ್ದಿಯೋ ಸುದ್ದಿ, ನಮ್ಮ ಮನೆಯಲ್ಲಿ ಬೇರೆಯೇ ಸೀಟಿನ ಸುದ್ದಿ. ಅವಳಿಗೆ 548 ಬಂದಿತ್ತು. ಅದರ ಹಿಂದಿನ ವರ್ಷ ಅಷ್ಟು ಅಂಕಕ್ಕೆ ಸಿಗುತ್ತಿದ್ದ ರ‍್ಯಾಂಕಿಗೂ ಆ ವರ್ಷ ಸಿಕ್ಕಿದ ರ‍್ಯಾಂಕಿಗೂ ಅಜಗಜಾಂತರ. 720ಕ್ಕೆ 720 ಪಡೆದವರೇ 67 ಜನ ಎಂದು ಮೊದಲು ಹೇಳಿದರು. ಆಮೇಲೆ ಕೃಪಾಂಕ ರದ್ದಾಯಿತು, ಒಂದು ಪ್ರಶ್ನೆಯ ಉತ್ತರ ತಿದ್ದಿದರು, ಆ 67 ಕೊನೆಗೆ 17ಕ್ಕೆ ಇಳಿಯಿತು. ಮರುಪರೀಕ್ಷೆ ಇಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು ಜುಲೈ 23ಕ್ಕೆ. ಅಷ್ಟರವರೆಗೆ ಅವಳು ಪುಸ್ತಕ ಮುಚ್ಚಿಯೂ ಇಡಲಿಲ್ಲ, ತೆರೆಯಲೂ ಇಲ್ಲ.

ಮರುದಿನ ಅಡುಗೆಮನೆಗೆ ಬಂದು, "ಅಮ್ಮ, ಒಂದ್ ವರ್ಷ ಕೊಡ್. ಮನೆಯಂಗೇ ಕೂತ್ ಓದ್ತೆ" ಎಂದಳು.

ಲಾಂಗ್ ಟರ್ಮ್ ಕೋಚಿಂಗ್ ಎಂದು ಹಾಸ್ಟೆಲಿಗೆ ಕಳಿಸುವುದೇ ಈಗ ನಮ್ಮ ಕಡೆಯ ವಾಡಿಕೆ. ರಾಜಸ್ಥಾನದ ಕೋಟಾದವರೆಗೆ ಹೋದವರೂ ಇದ್ದಾರೆ. ನಮ್ಮ ಕಾರಂತರ ಕೋಟ ಅಲ್ಲ ಮತ್ತೆ! ಆ ಕೋಟಾದ ಹಾಸ್ಟೆಲ್ ಕೋಣೆಗಳ ಫ್ಯಾನುಗಳಿಗೆ ಸ್ಪ್ರಿಂಗ್ ಹಾಕಿಸಬೇಕೆಂದು 2023ರಲ್ಲಿ ಅಲ್ಲಿನ ಜಿಲ್ಲಾಡಳಿತ ಆದೇಶ ಮಾಡಿತ್ತು. ಯಾಕೆ ಎಂದು ನಾನು ಬಿಡಿಸಿ ಬರೆಯುವುದಿಲ್ಲ. ಆ ಸುದ್ದಿ ಓದಿದ್ದರಿಂದಲೇ ನಾನು ಮನೆಯಲ್ಲಿ ಓದುವುದಕ್ಕೆ ತಕ್ಷಣ ಒಪ್ಪಿದ್ದು. ಅವರ ಅಪ್ಪಯ್ಯನೂ ಒಪ್ಪಿದರು. ಆನ್‌ಲೈನ್ ಪಾಠ, ಟೆಸ್ಟ್ ಸೀರೀಸು, ಪುಸ್ತಕ, ಸಿಗ್ನಲ್ ಸರಿಯಿಲ್ಲವೆಂದು ಒಂದು ಹೊಸ ಇಂಟರ್ನೆಟ್ ಕನೆಕ್ಷನ್. ತಿಂಗಳಿಗೊಮ್ಮೆ ಅಜ್ಜಿಯನ್ನು ಬಿಪಿ ನೋಡಿಸಲು ಕರೆದುಕೊಂಡು ಹೋಗುವ ಕೆಲಸವನ್ನು ಅವಳೇ ವಹಿಸಿಕೊಂಡಳು.

ಇಲ್ಲಿಯವರೆಗೆ ನಾನು ಒಳ್ಳೆಯ ತಾಯಿ. ನಿಮಗೆ ಹೇಳಬೇಕಾದದ್ದು ಇನ್ನು ಮುಂದಿನದು.

ನಾನು ಒಂದು ನೋಟುಬುಕ್ಕಿನ ಹಿಂದಿನ ಪುಟದಲ್ಲಿ ಅವಳ ಹೆಸರು ಬರೆದು, ಕೆಳಗೆ ಗೆರೆ ಎಳೆದು, ಖರ್ಚು ಬರೆಯುತ್ತ ಬಂದೆ. ಮನೆಯ ಲೆಕ್ಕ ಎಲ್ಲರೂ ಬರೆಯುತ್ತಾರೆ, ತಪ್ಪೇನಿಲ್ಲ. ಆದರೆ ಅಕ್ಕಿಯ ಲೆಕ್ಕದ ಮೇಲೆ ನಾನು ಯಾರ ಹೆಸರನ್ನೂ ಬರೆದಿರಲಿಲ್ಲ. ಒಂದು ದಿನ ಅವಳು ಮಧ್ಯಾಹ್ನ ಅರ್ಧ ಗಂಟೆ ಹೆಚ್ಚು ಮಲಗಿದಾಗ, "ನಿನಗೆ ನಾವು ಒಂದು ವರ್ಷ ಕೊಟ್ಟಿದ್ದೇವೆ, ನೆನಪಿರಲಿ" ಎಂದುಬಿಟ್ಟೆ. ಅದು ತಾಯಿಯ ದನಿಯಾಗಿರಲಿಲ್ಲ, ಸೊಸೈಟಿಯಿಂದ ಸಾಲದ ನೋಟೀಸು ಬರುತ್ತದಲ್ಲ, ಆ ದನಿ.

ಜನವರಿಯಲ್ಲಿ ನೆಂಟರ ಮನೆಯಲ್ಲಿ ಮಂದಾರ್ತಿ ಮೇಳದ ಹರಕೆ ಆಟ ಇತ್ತು. ಮಗಳೂ ಬಂದಿದ್ದಳು, ಎಷ್ಟೋ ತಿಂಗಳಿಗೆ ಒಂದು ರಾತ್ರಿ. ಊಟದ ಪಂಕ್ತಿಯಲ್ಲಿ ದೊಡ್ಡಮ್ಮ ಒಬ್ಬರು ಕೇಳಿದರು: "ಹೆಣ್ಣ್ ಈಗ ಎಂತ ಮಾಡ್ತಿತ್ತ್? ಡಾಕ್ಟರ್ ಸೀಟ್ ಸಿಕ್ಕಿತಾ?" ನಾನು ಯೋಚಿಸಲೂ ಇಲ್ಲ. "ಉಡುಪಿಯಲ್ಲಿ ಬಿಎಸ್ಸಿಗೆ ಹೋಗ್ತಿದ್ಲ್" ಎಂದೆ. ಪಕ್ಕದ ಎಲೆಯಲ್ಲಿ ಮಗಳು ಕೂತಿದ್ದಳು. ಸಾರು ಬಡಿಸುವವನು ಬಂದ, ಅವಳು ಬೇಡ ಎಂದು ಕೈ ಅಡ್ಡ ಹಿಡಿದಳು.

ಮನೆಗೆ ಬಂದ ಮೇಲೂ ಅವಳು ಮಾತಾಡಲಿಲ್ಲ. ಬೆಳಗ್ಗೆ ಹಲ್ಲುಜ್ಜುತ್ತ, ಕನ್ನಡಿ ನೋಡಿಕೊಂಡೇ ಕೇಳಿದಳು: "ನೀ ಎಂತಕ್ ಸುಳ್ಳ್ ಹೇಳ್ದೆ ಅಮ್ಮ? ನಾನ್ ಮನೆಯಂಗ್ ಕೂತದ್ ಕಳ್ಳತನವಾ?"

ಪಂಚಶೀಲದ ನಾಲ್ಕನೆಯದು ಮುರಿಯಿತು ಎಂದು ಮೊದಲಿಗೆ ಅನ್ನಿಸಿತು. ಆದರೆ ಅಷ್ಟೇ ಆಗಿದ್ದರೆ ಮತ್ತೆ ಶೀಲ ತೆಗೆದುಕೊಂಡು ಸುಮ್ಮನಾಗಬಹುದಿತ್ತು. ಯೋಚಿಸಿದಷ್ಟೂ ಬೇರೆಯದು ಕಂಡಿತು. ಮನೆಯೊಳಗೆ ಆ ವರ್ಷವನ್ನು ಅವಳಿಗೆ ಕೊಟ್ಟವಳು ನಾನೇ. ಹತ್ತು ಜನರ ಪಂಕ್ತಿಯಲ್ಲಿ ಅದನ್ನು ವಾಪಸು ತೆಗೆದುಕೊಂಡವಳೂ ನಾನೇ. ಯಾರಿಗಾಗಿ ಸುಳ್ಳು ಹೇಳಿದೆ? ಅವಳ ಮಾನ ಕಾಯಲು ಎಂದುಕೊಂಡಿದ್ದೆ. ಅವಳಿಗೆ ಆ ವರ್ಷದ ಬಗ್ಗೆ ನಾಚಿಕೆಯೇ ಇರಲಿಲ್ಲ. ನಾಚಿಕೆ ಇದ್ದದ್ದು ಕನ್ನಡ ಟೀಚರಿಗೆ, ಅವರ ಮಗಳು "ಖಾಲಿ ಕೂತಿದ್ದಾಳೆ" ಎಂಬ ಮಾತಿಗೆ.

ವಿಸುದ್ಧಿಮಗ್ಗದಲ್ಲಿ ಬುದ್ಧಘೋಷರು ನಾಲ್ಕು ಬ್ರಹ್ಮವಿಹಾರಗಳನ್ನು ಹೇಳುವಾಗ ನಾಲ್ಕು ಮಕ್ಕಳ ತಾಯಿಯ ಹೋಲಿಕೆ ಕೊಡುತ್ತಾರೆ. ಒಂದು ಎಳೆಯ ಕೂಸು, ಅದು ಬೆಳೆಯಲಿ ಎನ್ನುವುದು ಮೈತ್ರಿ. ಒಂದಕ್ಕೆ ಕಾಯಿಲೆ, ಗುಣವಾಗಲಿ ಎನ್ನುವುದು ಕರುಣೆ. ಒಬ್ಬ ತುಂಬು ಹರೆಯದವ, ಅವನ ಚೆಲುವು ಬಹುಕಾಲ ಉಳಿಯಲಿ ಎನ್ನುವುದು ಮುದಿತೆ. ನಾಲ್ಕನೆಯವ ತನ್ನ ಕೆಲಸದಲ್ಲಿ ತಾನು ತೊಡಗಿದವ, ಅವನ ಬಗ್ಗೆ ತಾಯಿ ತಳಮಳಿಸುವುದಿಲ್ಲ, ಅದು ಉಪೇಕ್ಷೆ. ಓದುವಾಗ ಎಷ್ಟು ಸಲೀಸು! ನನಗಿರುವುದು ಒಬ್ಬಳೇ, ಹತ್ತೊಂಬತ್ತು ವರ್ಷದವಳು, ಒಂದೇ ದಿನದಲ್ಲಿ ನಾಲ್ಕೂ ಆಗುತ್ತಾಳೆ. ಬೆಳಗಿನ ಜಾವ ನಾಲ್ಕೂವರೆಗೆ ತಾನೇ ಎದ್ದು ದೀಪ ಹಾಕಿದಾಗ ಆ ನಾಲ್ಕನೆಯವ. ಟೆಸ್ಟಿನಲ್ಲಿ ಭೌತಶಾಸ್ತ್ರ ಕೈಕೊಟ್ಟ ಸಂಜೆ ಆ ಎರಡನೆಯವ. ರಾತ್ರಿ "ತಲೆಗೆ ಎಣ್ಣೆ ಹಾಕು" ಎಂದು ಬಂದು ಕೂತಾಗ ಕೂಸೇ. ಯಾವ ಹೊತ್ತಿಗೆ ಯಾವ ತಾಯಿ ಎಂಬುದೇ ನನಗೆ ತಪ್ಪುತ್ತಿತ್ತು. ದೀಪ ಹಾಕಿದಾಗ ಹೋಗಿ ತಳಮಳಿಸುತ್ತಿದ್ದೆ, ಟೆಸ್ಟಿನ ಸಂಜೆ "ನಿನ್ನ ಕೆಲಸ, ನೀನು ನೋಡಿಕೋ" ಎನ್ನುತ್ತಿದ್ದೆ. ಇದನ್ನು ಉಪೇಕ್ಷೆ ಎಂದೇ ನಂಬಿಕೊಂಡಿದ್ದೆ ಬೇರೆ. ಉಪೇಕ್ಷೆಯ ಪಕ್ಕದಲ್ಲೇ ನಿಂತ ವೈರಿ ಅರಿವಿಲ್ಲದ ಉದಾಸೀನ ಎಂದು ಅದೇ ಗ್ರಂಥ ಎಚ್ಚರಿಸುತ್ತದೆ. ಕನ್ನಡದಲ್ಲಿ ನಾವು "ಉಪೇಕ್ಷೆ ಮಾಡಿದರು" ಎಂದರೆ ಕಡೆಗಣಿಸಿದರು ಎಂದೇ ಅರ್ಥವಾಗಿಬಿಟ್ಟಿದೆ. ಆ ವೈರಿ ಶಬ್ದವನ್ನೇ ಗೆದ್ದುಕೊಂಡ ಹಾಗೆ.

(ಸೋಣನ ವೀಣೆಯ ತಂತಿಯ ಕಥೆ ಇಲ್ಲಿ ಬರಬೇಕಿತ್ತು ಎಂದು ಕೆಲವರಿಗೆ ಅನ್ನಿಸಬಹುದು. ಬಳಗದಲ್ಲಿ ಅದು ಬೇಕಾದಷ್ಟು ಸಲ ಬಂದಿದೆ, ಬಿಡುತ್ತೇನೆ.)

ಇನ್ನೊಂದು ಕಥೆ ಮಾತ್ರ ಬಿಡಲಾರೆ, ಏಕೆಂದರೆ ಅದು ಡಾಕ್ಟರದ್ದೇ. ವಿನಯಪಿಟಕದ ಮಹಾವಗ್ಗದಲ್ಲಿ ಬರುವ ಜೀವಕ. ಹುಟ್ಟಿದ ಕೂಡಲೇ ಕಸದ ರಾಶಿಯ ಮೇಲೆ ಬಿಟ್ಟುಹೋಗಿದ್ದ ಕೂಸನ್ನು ರಾಜಕುಮಾರ ಅಭಯ ಎತ್ತಿ ಸಾಕಿದ. ಬೆಳೆದ ಹುಡುಗ ಕಸುಬಿಲ್ಲದೆ ಅರಮನೆಯಲ್ಲಿ ಬಾಳುವುದು ಕಷ್ಟ ಎಂದುಕೊಂಡು, ಸಾಕಿದವನನ್ನು ಕೇಳದೆಯೇ ತಕ್ಷಶಿಲೆಗೆ ಹೋದ. ಏಳು ವರ್ಷ ವೈದ್ಯ ಕಲಿತ. ಈ ವಿದ್ಯೆಗೆ ಕೊನೆಯೇ ಕಾಣುವುದಿಲ್ಲವಲ್ಲ ಎಂದು ಏಳನೆಯ ವರ್ಷ ಅವನಿಗೂ ಅನ್ನಿಸಿತಂತೆ. ಈ ಮಾತು ಓದಿ ಹೇಳಿದಾಗ ಮಗಳು ಜೋರಾಗಿ ನಕ್ಕಳು. ಗುರು ಅವನಿಗೆ ಕೊಟ್ಟ ಪರೀಕ್ಷೆ: ಊರ ಸುತ್ತ ಒಂದು ಯೋಜನ ತಿರುಗಿ ಔಷಧಿಯಲ್ಲದ ಒಂದು ಗಿಡ ತಾ. ಬರಿಗೈಯಲ್ಲಿ ಬಂದವನೇ ಪಾಸು.

ಊರಿಗೆ ಮರಳುವ ದಾರಿಯಲ್ಲಿ ಸಾಕೇತದಲ್ಲಿ ಒಬ್ಬ ಶ್ರೀಮಂತನ ಹೆಂಡತಿಯ ಏಳು ವರ್ಷದ ತಲೆನೋವು ಗುಣ ಮಾಡಿದ. ಹದಿನಾರು ಸಾವಿರ ನಾಣ್ಯ, ಆಳುಗಳು, ರಥ ಸಿಕ್ಕಿತು. ಅದೆಲ್ಲವನ್ನೂ ತಂದು ಅಭಯನ ಮುಂದೆ ಇಟ್ಟು, ನನ್ನನ್ನು ಸಾಕಿದ್ದಕ್ಕೆ ಇದು ಎಂದ. ಅಭಯ ತೆಗೆದುಕೊಳ್ಳಲಿಲ್ಲ. ಅದು ನಿನ್ನದೇ ಇರಲಿ, ನೀನು ಮನೆ ಕಟ್ಟುವುದಾದರೆ ನಮ್ಮ ಆವರಣದಲ್ಲೇ ಕಟ್ಟಿಕೋ ಎಂದ.

ಅಭಯ ರಾಜಕುಮಾರ, ಅವನಿಗೆ ಬೇಡ ಎನ್ನುವುದು ಸುಲಭ ಎಂದು ನನ್ನ ಒಳಗಿನ ಲೆಕ್ಕದವಳು ತಕ್ಷಣ ಹೇಳಿದಳು. ಆ ಮಾತೂ ಸುಳ್ಳಲ್ಲ. ನೀಟಿಗೆ ಎಷ್ಟು ಸಲ ಬೇಕಾದರೂ ಕೂರಬಹುದು, ವಯಸ್ಸಿನ ಮೇಲ್ಮಿತಿಯನ್ನೂ 2022ರಲ್ಲಿ ತೆಗೆದರು. ಅಂದರೆ ನಿಲ್ಲಿಸುವ ಗೆರೆಯನ್ನು ಸರಕಾರ ಎಳೆಯುವುದಿಲ್ಲ, ಮನೆಯವರೇ ಎಳೆಯಬೇಕು. ನಾವು ಎಳೆದಿದ್ದೇವೆ. ಈ ವರ್ಷ ಸರಕಾರಿ ಸೀಟು ಆಗದಿದ್ದರೆ ನರ್ಸಿಂಗೋ ಕೃಷಿಯೋ, ಅವಳು ಆರಿಸಿದ್ದು. ಹೀಗೆ ಮಿತಿ ಹಾಕುವುದು ಪ್ರೀತಿಗೆ ಕುಂದು ಎಂದು ನನಗೆ ಅನ್ನಿಸುವುದಿಲ್ಲ. ಮಿತಿ ಮೊದಲೇ ಹೇಳಿದ್ದು. ಸಾಲ ಹಾಗಲ್ಲ, ಅದು ಆಮೇಲೆ ಹೊರಗೆ ಬರುತ್ತದೆ, ಅರ್ಧ ಗಂಟೆ ಹೆಚ್ಚು ಮಲಗಿದ ಮಧ್ಯಾಹ್ನ.

ಆದರೂ "ಕೊಟ್ಟಿದ್ದೇವೆ" ಎಂದು ಬೀಗುವವರು ಇದನ್ನೂ ನೋಡಬೇಕು. ನಾನೇ ಹೈಸ್ಕೂಲಿನಲ್ಲಿ ಕಲಿಸಿದ ಒಬ್ಬ ಹುಡುಗ ಅದೇ ಪರೀಕ್ಷೆಯಲ್ಲಿ ಮಗಳಿಗಿಂತ ಹನ್ನೆರಡು ಅಂಕ ಹೆಚ್ಚು ತೆಗೆದಿದ್ದ. ತಾಯಿ ಗೇರುಬೀಜದ ಕಾರ್ಖಾನೆಗೆ ಹೋಗುತ್ತಾಳೆ, ತಂದೆ ಇಲ್ಲ. ಅವನು ಕಳೆದ ಆಗಸ್ಟಿನಲ್ಲೇ ಬೆಂಗಳೂರಿನ ಬಸ್ಸು ಹತ್ತಿದ, ಕೆಲಸಕ್ಕೆ. ಮೇ ತಿಂಗಳಲ್ಲಿ ಮಗಳ ಅಂಕ ಏರಿದರೆ ಅದನ್ನು ಪ್ರತಿಭೆ ಎಂದು ಎಲ್ಲರೂ ಹೇಳುತ್ತಾರೆ, ನಾನೂ ಹೇಳಿಯೇನು. ಆ ಅಂಕದೊಳಗೆ ಹನ್ನೆರಡು ತಿಂಗಳ ಅನ್ನ ಎಷ್ಟು, ಅವಳ ಬುದ್ಧಿ ಎಷ್ಟು, ಬಿಡಿಸಿ ತೋರಿಸುವವರು ಯಾರು? ಅವನಿಗೆ ಯಾರೂ ಒಂದು ವರ್ಷ ಕೊಡಲಿಲ್ಲ. ನಾನೂ ಕೊಡಲಿಲ್ಲ. ಹೊಳೆಯಲೂ ಇಲ್ಲ, ಈಗ ಬರೆಯುವಾಗ ಹೊಳೆಯುತ್ತಿದೆ.

ನನಗೂ ಒಂದು ವರ್ಷ ಸಿಕ್ಕಿತ್ತು. ಬಿಎ ಮುಗಿದಾಗ ಅಪ್ಪಯ್ಯನಿಗೆ ಹುಷಾರಿಲ್ಲದೆ ಒಂದು ವರ್ಷ ಮನೆಯಲ್ಲೇ ಉಳಿದೆ. ಆಗ ಅದಕ್ಕೆ ಗ್ಯಾಪ್ ಎಂಬ ಹೆಸರಿರಲಿಲ್ಲ. ಇನ್ನು ಎಂಎ ಯಾಕೆ, ಮದುವೆ ಮಾಡಿ ಎಂದವರೇ ಹೆಚ್ಚು. ಎಸ್ಸೆಸ್ಸೆಲ್ಸಿ ಮುಗಿದ ಕೂಡಲೇ ಬೊಂಬಾಯಿಯ ಹೋಟೆಲಿಗೆ ಹೋಗಿದ್ದ ಅಣ್ಣ ತಿಂಗಳು ತಿಂಗಳು ಮನಿಯಾರ್ಡರ್ ಕಳಿಸಿದ. ಮರುವರ್ಷ ನಾನು ಕೊಣಾಜೆಗೆ ಹೋದೆ. ಅವನಿಗೆ ಒಂದು ವರ್ಷವಿರಲಿ, ಒಂದು ದಿನ ಸುಮ್ಮನೆ ಕೂತು ಏನಾಗಬೇಕೆಂದು ಯೋಚಿಸುವ ಪುರುಸೊತ್ತೂ ಸಿಕ್ಕಿರಲಿಲ್ಲ. ಆಟದ ಮರುದಿನ ಅವನಿಗೆ ಫೋನ್ ಮಾಡಿ ಎಲ್ಲ ಹೇಳಿ, "ನೀನು ನನಗೆ ಎಷ್ಟು ಕಳಿಸಿದ್ದೆ, ಲೆಕ್ಕ ಉಂಟಾ?" ಎಂದು ಕೇಳಿದೆ. ಗಿರಾಕಿ ಇದ್ದರೇನೋ, ಅವಸರದಲ್ಲಿದ್ದ.

"ಕೊಡುದಾರೆ ಕೊಡ್. ಲೆಕ್ಕ ಇಡ್ಬೇಡ. ಇಡುದಾರೆ ಕೊಡ್ಬೇಡ" ಎಂದು ಫೋನ್ ಇಟ್ಟ.

ದೊಡ್ಡಮ್ಮನಿಗೆ ಅವತ್ತೇ ಸಂಜೆ ಫೋನ್ ಮಾಡಿ, ಮಗಳು ಬಿಎಸ್ಸಿಗೆ ಹೋಗುತ್ತಿಲ್ಲ, ಮನೆಯಲ್ಲೇ ಕೂತು ಓದುತ್ತಿದ್ದಾಳೆ, ನಾನು ಅವತ್ತು ಸುಳ್ಳು ಹೇಳಿದೆ ಎಂದೆ. ಅವರು ಒಂದು ಕ್ಷಣ ಸುಮ್ಮನಿದ್ದು, "ಅದ್ಕೆಂತ ಹೇಳು. ಹೆಣ್ಣಿಗೆ ಸಮಾ ಮೀನ್ ಸಾರ್ ಹಾಕ್, ಸಪೂರ ಆಯ್ತ್" ಎಂದರು. ಅಷ್ಟೇ. ಆರು ತಿಂಗಳು ನಾನು ಹೆದರಿದ್ದು ಇದಕ್ಕೆ. ಮಗಳು ಪಕ್ಕದ ಕೋಣೆಯಲ್ಲಿದ್ದಳು, ಕೇಳಿಸಿಕೊಂಡಳೋ ಇಲ್ಲವೋ, ಏನೂ ಹೇಳಲಿಲ್ಲ. ನೋಟುಬುಕ್ಕನ್ನು ಹರಿದು ಹಾಕುವ ನಾಟಕವನ್ನೇನೂ ನಾನು ಮಾಡಲಿಲ್ಲ. ಅವಳ ಹೆಸರು ಹೊಡೆದು ಹಾಕಿ "ಮನೆ" ಎಂದು ಬರೆದೆ. ಒಂದು ವಾರ ಬಿಟ್ಟು ನೋಡಿದರೆ ಅದರ ಕೆಳಗೆ ಅವಳ ಅಕ್ಷರದಲ್ಲಿ "ಅಜ್ಜಿ ಮಾತ್ರೆ" ಎಂದಿತ್ತು, ಮೊತ್ತದ ಜಾಗ ಖಾಲಿ ಬಿಟ್ಟಿದ್ದಳು.

ಪರೀಕ್ಷೆ ಮೇ 4ಕ್ಕೆ, ಮಧ್ಯಾಹ್ನ 2ರಿಂದ 5. ಈ ಸಲ 180 ಪ್ರಶ್ನೆಗೆ 180 ನಿಮಿಷ, ಬಿಟ್ಟು ಆರಿಸುವ ಅವಕಾಶ ಇಲ್ಲ. ಬುದ್ಧ ಪೂರ್ಣಿಮೆ 12ಕ್ಕೆ. ಅವತ್ತು ಬಳಗಕ್ಕೆ ಅವಳನ್ನೂ ಕರೆತರುತ್ತೇನೆ. ಎಷ್ಟು ಬರಬಹುದು ಎಂದು ದಯವಿಟ್ಟು ಯಾರೂ ಕೇಳಬೇಡಿ.

ಕಳೆದ ವರ್ಷ ನಾನು ಮೂರು ಗಂಟೆಗೂ ಹೆಚ್ಚು ಹೊತ್ತು ಗೇಟಿನ ಎದುರು ಬಿಸಿಲಲ್ಲಿ ನಿಂತಿದ್ದೆ. ನಿನ್ನೆ ಅವಳು ಹೇಳಿದಳು: "ಈ ಸಲ ಬಿಟ್ಟಿಕ್ಕಿ ಎಲ್ಲಾದ್ರೂ ಹೋಯಿ ಕೂಕೊ ಅಮ್ಮ. ನೀ ಗೇಟಿನ ಹತ್ರ ನಿಂತಿದ್ರೆ ನಂಗ್ ಒಳಗಿಂದ್ಲೇ ಗೊತ್ತಾತ್ತ್." ಆಯಿತು ಎಂದಿದ್ದೇನೆ. ಚೀಲದಲ್ಲಿ ಒಂದು ಪುಸ್ತಕ ಇಟ್ಟುಕೊಂಡಿದ್ದೇನೆ. ಹತ್ತಿರದಲ್ಲಿ ನೆರಳಿರುವ ಬಸ್‌ಸ್ಟ್ಯಾಂಡ್ ಎಲ್ಲಿದೆ ಎಂದು ಅವರ ಅಪ್ಪಯ್ಯನ ಹತ್ತಿರ ಕೇಳಬೇಕು.