ಒಂದು ಮೊಳ ಮಲ್ಲಿಗೆ

ಧಾರಾವಾಹಿಗೆ ಬರೆಯಬೇಕೆಂದು ಹಂಬಲಿಸುವ ಹುಡುಗ ಹುಡುಗಿಯರು ನನ್ನನ್ನು ಎರಡು ಪ್ರಶ್ನೆ ಕೇಳುತ್ತಾರೆ. ಒಳಗೆ ಹೋಗುವುದು ಹೇಗೆ? ದಿನಾ ಬರೆಯುವುದಕ್ಕೆ ಸ್ಫೂರ್ತಿ ಎಲ್ಲಿಂದ ತರುವುದು? ಇವು ಬೇರೆ ಬೇರೆ ಪ್ರಶ್ನೆಗಳೆಂದು ನಾನೂ ಬಹಳ ಕಾಲ ನಂಬಿದ್ದೆ. ಈಗ ಎರಡಕ್ಕೂ ಉತ್ತರ ಒಂದೇ ಅನ್ನಿಸುತ್ತದೆ.

ದಿನದ ಧಾರಾವಾಹಿ ಎಂದರೆ ವಾರಕ್ಕೆ ಐದೋ ಆರೋ ಕಂತು. ಜಾಹೀರಾತು ಕಳೆದರೆ ಒಂದೊಂದೂ 20–22 ನಿಮಿಷ. ಕಥೆ ಒಬ್ಬರದು, ಚಿತ್ರಕಥೆ ಇನ್ನೊಬ್ಬರದು, ಸಂಭಾಷಣೆ ಮತ್ತೊಬ್ಬರದು. ರಾತ್ರಿ ಒನ್‌ಲೈನ್, ಅಂದರೆ ದೃಶ್ಯಗಳ ಚಿಕ್ಕ ಸಾರಾಂಶ, ಕೈಗೆ ಬಂದರೆ ಬೆಳಿಗ್ಗೆ ಸೆಟ್ಟಿಗೆ ಸೀನ್ ಹೋಗಬೇಕು. ಕಲಾವಿದರು ಮೇಕಪ್ ಮುಗಿಸಿ ಕೂತಿರುತ್ತಾರೆ. ಗುರುವಾರ ರೇಟಿಂಗ್ ಬಂತೆಂದರೆ ಮುಂದಿನ ವಾರದ ಕಥೆಯೇ ಬದಲಾಗಬಹುದು. ಇದು ಕಾರ್ಖಾನೆ, ಇಲ್ಲಿ ಸ್ಫೂರ್ತಿಯ ಮಾತೇ ಬೇಡ ಎನ್ನುವವರಿದ್ದಾರೆ. ಬರೆಯುವವರ ಬಾಯಲ್ಲೇ ಈ ಮಾತು ಹೆಚ್ಚು. ನಾನು ಒಪ್ಪುವುದಿಲ್ಲ. ಸ್ಫೂರ್ತಿ ಎಂದರೆ ಏನೆಂದು ನಾವು ತಪ್ಪು ತಿಳಿದುಕೊಂಡಿದ್ದರಿಂದ ಹುಟ್ಟಿದ ಹತಾಶೆ ಅದು.

ನಮ್ಮ ಕಾವ್ಯಮೀಮಾಂಸಕರು ಈ ಪ್ರಶ್ನೆಯನ್ನು ಗಟ್ಟಿಯಾಗಿ ಕೈಗೆತ್ತಿಕೊಂಡವರು. ಕನ್ನಡದ ಕವಿರಾಜಮಾರ್ಗಕ್ಕೆ ಆಧಾರವಾದ ದಂಡಿ, ಹುಟ್ಟಿನಿಂದ ಬಂದ ಪ್ರತಿಭೆ ಇಲ್ಲದವನನ್ನೂ ಬಾಗಿಲಾಚೆ ನಿಲ್ಲಿಸಲಿಲ್ಲ. ಓದು ಮತ್ತು ಪ್ರಯತ್ನಗಳಿಂದ ಸೇವಿಸಿದರೆ ವಾಗ್ದೇವಿ ಅಷ್ಟಿಷ್ಟಾದರೂ ಒಲಿಯುತ್ತಾಳೆ ಎಂದ. 11ನೇ ಶತಮಾನದ ಕಾಶ್ಮೀರದ ಮಮ್ಮಟ ಕಾವ್ಯ ಹುಟ್ಟುವುದಕ್ಕೆ ಶಕ್ತಿ, ನಿಪುಣತೆ, ಅಭ್ಯಾಸ ಎಂದು ಮೂರನ್ನು ಹೇಳಿದ. ಹೇಳಿ, ಮೂರೂ ಸೇರಿ ಒಂದೇ ಕಾರಣ ಎಂದ. ಈ ಏಕವಚನ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ನಿಪುಣತೆ ಎಲ್ಲಿಂದ ಬರುತ್ತದೆ ಎನ್ನುವಾಗ ಅವನು ಹಾಕಿದ ಕ್ರಮ ಇನ್ನೂ ಮುಖ್ಯ: ಲೋಕ, ಶಾಸ್ತ್ರ, ಕಾವ್ಯ. ಲೋಕವನ್ನು ನೋಡುವುದು ಮೊದಲು. ಬೇರೆಯವರು ಬರೆದದ್ದನ್ನು ನೋಡುವುದು ಕೊನೆಗೆ. ನಾವು ಇದನ್ನು ತಲೆಕೆಳಗು ಮಾಡಿದ್ದೇವೆ. ಧಾರಾವಾಹಿ ಬರೆಯಲು ಬರುವವರು ಧಾರಾವಾಹಿಗಳನ್ನೇ ನೋಡಿಕೊಂಡು ಬರುತ್ತಾರೆ.

ಒಮ್ಮೆ ಅರಸೀಕೆರೆ ಜಂಕ್ಷನ್ನಿನಲ್ಲಿ ರೈಲು ತಡವಾಗಿತ್ತು. ನನ್ನ ಪಕ್ಕದ ಬೆಂಚಿನಲ್ಲಿ ಅತ್ತೆ ಸೊಸೆ. ಅತ್ತೆ ಒಂದು ಮೊಳ ಮಲ್ಲಿಗೆ ಕೊಂಡು, ಹಲ್ಲಿನಿಂದ ದಾರ ಕಡಿದು ಎರಡು ಭಾಗ ಮಾಡಿದರು. ಎರಡೂ ತುಂಡುಗಳನ್ನು ಅಂಗೈ ಮೇಲಿಟ್ಟು ನೋಡಿ, ಉದ್ದದ್ದನ್ನು ಸೊಸೆಯ ಕಡೆ ಚಾಚಿದರು. "ಮುಡ್ಕೊ. ಕೂದ್ಲಂತೂ ಉಳಿಸ್ಕೊಳ್ಲಿಲ್ಲ, ಹೂವಾದ್ರೂ ಇರ್ಲಿ." ಸೊಸೆ ಉತ್ತರ ಕೊಡಲಿಲ್ಲ. ಅತ್ತೆಗೆ ಬೆನ್ನು ತಿರುಗಿಸಿ ಕೂತಳು. ಸಿಟ್ಟು ಬಂತೇನೋ ಅಂದುಕೊಂಡೆ. ಅವಳು ತಿರುಗಿದ್ದು ಅತ್ತೆಯೇ ಮುಡಿಸಲಿ ಎಂದು. ಅತ್ತೆ ಮುಡಿಸಿದರು, ಪಿನ್ನನ್ನು ಬಾಯಲ್ಲಿ ಕಚ್ಚಿಕೊಂಡೇ ಏನೋ ಗೊಣಗುತ್ತಾ.

ಚುಚ್ಚುಮಾತೂ ಅದೇ, ಅಕ್ಕರೆಯೂ ಅದೇ. ಎರಡಕ್ಕೂ ಒಂದೇ ವಾಕ್ಯ. ಅಂದು ರಾತ್ರಿ ರೈಲಿನಲ್ಲಿ ಕೂತು ನಾಲ್ಕು ಸೀನಿಗಾಗುವಷ್ಟು ಟಿಪ್ಪಣಿ ಬರೆದೆ. ಸ್ಫೂರ್ತಿ ಬಂತು ಎನ್ನುವುದಾದರೆ ಅಂದು ಬಂತು. ಆದರೆ ಅದು ಆಕಾಶದಿಂದ ಇಳಿಯಲಿಲ್ಲ. ಪಕ್ಕದ ಬೆಂಚಿನಲ್ಲಿ ಕೂತಿತ್ತು. ಮೊಬೈಲ್ ನೋಡುತ್ತಾ ಕೂತಿದ್ದರೆ ನನಗೆ ಕೇಳಿಸುತ್ತಿರಲಿಲ್ಲ, ಅಷ್ಟೆ.

ಆ ಸಾಲನ್ನು ಒಂದು ಧಾರಾವಾಹಿಗೆ ಬರೆದಾಗ ಮೊದಲ ಸಲ ಕತ್ತರಿ ಬಿತ್ತು. ಅತ್ತೆ ಒಳ್ಳೆಯವಳೋ ಕೆಟ್ಟವಳೋ ನೋಡುವವರಿಗೆ ಗೊತ್ತಾಗುವುದಿಲ್ಲ ಎಂದರು. ಗೊತ್ತಾಗದಿರುವುದೇ ನಮ್ಮ ಮನೆಗಳ ಸತ್ಯ ಎಂದು ಅಂದು ವಾದ ಮಾಡಲು ನನಗೆ ಧೈರ್ಯ ಸಾಲಲಿಲ್ಲ. ಇಂದು ಮಾಡುತ್ತೇನೆ. ದಿನಾ ಸಂಜೆ ಟಿ.ವಿ. ಮುಂದೆ ಕೂರುವ ಹೆಂಗಸಿಗೆ ತನ್ನ ಮನೆಯಲ್ಲಿ ಒಬ್ಬರೇ ಒಬ್ಬರು ಪೂರ್ತಿ ಕೆಟ್ಟವರು ಸಿಕ್ಕಿರುವುದಿಲ್ಲ. ಅವಳ ಅನುಭವವನ್ನು ಅವಳಿಗಿಂತ ಕಡಿಮೆ ನಂಬುವುದು ಬರಹಗಾರನಿಗೆ ಶೋಭೆಯಲ್ಲ.

ಟಿ.ವಿ.ಗೆ ಚೆನ್ನಾಗಿ ಬರೆದವರನ್ನು ನೋಡಿ. 1984ರಲ್ಲಿ ದೂರದರ್ಶನದಲ್ಲಿ 'ಹಮ್ ಲೋಗ್' ಶುರುವಾದಾಗ ಅದನ್ನು ಬರೆದ ಮನೋಹರ ಶ್ಯಾಮ ಜೋಶಿ ಅಷ್ಟರಲ್ಲೇ ಹಿಂದಿಯ ಕಾದಂಬರಿಕಾರರು, ಪತ್ರಿಕಾ ಸಂಪಾದಕರು. ಕೆಳಮಧ್ಯಮ ವರ್ಗದ ಮನೆಯ ಸದ್ದು ಅವರಿಗೆ ಟಿ.ವಿ. ಕಲಿಸಿದ್ದಲ್ಲ. ನಮ್ಮ ಟಿ.ಎನ್. ಸೀತಾರಾಮ್ ಕಾನೂನು ಓದಿ, ರಂಗಭೂಮಿಗೆ ನಾಟಕ ಬರೆದು ಬಂದವರು. 'ಮಾಯಾಮೃಗ'ದಿಂದ 'ಮುಕ್ತ'ದವರೆಗೆ ಅವರ ಕೋರ್ಟು ದೃಶ್ಯಗಳಿಗೆ ಜನ ಕಾದು ಕೂರುತ್ತಿದ್ದರು. ನಿರ್ದೇಶಕ ಶಂಕರನಾಗ್ ಕೂಡ 'ಮಾಲ್ಗುಡಿ ಡೇಸ್' ತಂಡವನ್ನು ಕಟ್ಟಿಕೊಂಡು ಆಗುಂಬೆಗೇ ಹೋದರು. ಆರ್.ಕೆ. ನಾರಾಯಣರ ಕಲ್ಪನೆಯ ಊರಿಗೆ ನಿಜವಾದ ಒಂದು ಬೀದಿ, ಒಂದು ಮಳೆ, ಒಂದು ಜಗುಲಿ ಬೇಕಿತ್ತು.

ಮಮ್ಮಟ ಅಭ್ಯಾಸದ ಬಗ್ಗೆ ಹೇಳುವಾಗ ಬಲ್ಲವರ ಕೈಕೆಳಗೆ ಮಾಡುವ ಅಭ್ಯಾಸ ಎನ್ನುತ್ತಾನೆ. ಟಿ.ವಿ.ಯ ಬಾಗಿಲು ಇಂದಿಗೂ ಬಹುಪಾಲು ತೆರೆಯುವುದು ಹೀಗೆಯೇ. ಐನೂರು ಕಂತಿನ ಕಾನ್ಸೆಪ್ಟ್ ಫೈಲು ಹಿಡಿದು ಬರುವವರು ಹಲವರು. ನಾಳೆ ಬೆಳಿಗ್ಗೆಯ ಹೊತ್ತಿಗೆ ಮೂರು ಪಾತ್ರಗಳ ಒಂದು ಸೀನನ್ನು ಬಿಗಿಯಾಗಿ ಬರೆದುಕೊಡುವವರು ಕೆಲವರು. ಕೈತುಂಬ ಕೆಲಸವಿರುವ ಸಂಭಾಷಣೆಕಾರರಿಗೆ ಬೇಕಾದವರು ಇವರು. ನಾನೂ ಸಹಾಯಕಿಯಾಗಿ ತಿಂಗಳುಗಟ್ಟಲೆ ಬರೆದೆ, ಟೈಟಲ್ ಕಾರ್ಡಿನಲ್ಲಿ ಹೆಸರಿರಲಿಲ್ಲ. ಅದು ಅನ್ಯಾಯವೇ; ಬರೆದವರ ಹೆಸರು ಹಾಕಲೇಬೇಕು. ಆದರೆ ಆ ದಿನಗಳಲ್ಲಿ ಕಲಿತದ್ದು ಸುಳ್ಳಲ್ಲ. ಸೆಟ್ಟಿನಲ್ಲಿ ಸಹಾಯಕ ನಿರ್ದೇಶಕ ಕ್ಯಾಮೆರಾ ಹಿಂದೆ ನಿಂತು ಪ್ರಾಂಪ್ಟ್ ಮಾಡುತ್ತಾನೆ, ಕಲಾವಿದರು ಕೇಳಿಸಿಕೊಂಡು ನುಡಿಯುತ್ತಾರೆ. ನಾನು ರಾತ್ರಿ ಮೆಚ್ಚಿಕೊಂಡು ಬರೆದ ಉದ್ದನೆಯ ವಾಕ್ಯ ಅವನ ಬಾಯಲ್ಲೇ ಮುರಿದು ಬೀಳುವುದನ್ನು ಕೇಳಿದ ಮೇಲೆ, ಕನ್ನಡ ಉಸಿರಿನ ಅಳತೆಯ ಭಾಷೆ ಎಂದು ನನಗೆ ತಿಳಿಯಿತು.

ಲೋಕ ನೋಡಲು ಹೊತ್ತೆಲ್ಲಿದೆ ಎನ್ನುವ ಆಕ್ಷೇಪ ನಿಜವಾದದ್ದು. ದಿನಕ್ಕೆ ಒಂದು ಕಂತು ಬರೆಯುವವರು ಒಂದೆರಡು ವರ್ಷದಲ್ಲಿ ಬತ್ತಿಹೋಗುವುದನ್ನು ಕಂಡಿದ್ದೇನೆ. ಇನ್ನೊಬ್ಬ ಹಳೆಯ ಮೀಮಾಂಸಕ ರಾಜಶೇಖರ ತನ್ನ 'ಕಾವ್ಯಮೀಮಾಂಸೆ'ಯಲ್ಲಿ ಕವಿಯ ಹಗಲನ್ನು ನಾಲ್ಕು ಜಾವ ಮಾಡುತ್ತಾನೆ: ಮೊದಲನೆಯದು ಓದಿಗೆ, ಎರಡನೆಯದು ಬರೆಯುವುದಕ್ಕೆ, ಮೂರನೆಯದು ಗೋಷ್ಠಿಗೆ, ನಾಲ್ಕನೆಯದು ಬರೆದದ್ದನ್ನು ತಿದ್ದುವುದಕ್ಕೆ. ಬರವಣಿಗೆಗೆ ಸಿಕ್ಕಿದ್ದು ನಾಲ್ಕರಲ್ಲಿ ಒಂದೇ ಪಾಲು. ನಮ್ಮಲ್ಲಿ ಅದು ನಾಲ್ಕನ್ನೂ ನುಂಗಿದೆ. ಬರಹಗಾರರ ಸಂಖ್ಯೆ ಹೆಚ್ಚಿಸಿ, ಒಬ್ಬರಿಗೆ ವಾರದಲ್ಲಿ ಎರಡು ದಿನವಾದರೂ ಬಿಡುವು ಕೊಡುವುದು ನಿರ್ಮಾಪಕರಿಗೆ ಖರ್ಚಿನ ಬಾಬ್ತು ಎನಿಸಬಹುದು. ಕಥೆ ಬತ್ತದಿರಲು ಅದಕ್ಕಿಂತ ಅಗ್ಗದ ದಾರಿ ನನಗೆ ಕಾಣುತ್ತಿಲ್ಲ.

ಒಳಗೆ ಬರಬೇಕೆನ್ನುವವರಿಗೆ ನನ್ನದೊಂದು ಕೋರಿಕೆ. ಕಾನ್ಸೆಪ್ಟ್ ಫೈಲನ್ನು ಪಕ್ಕಕ್ಕಿಡಿ. ಈ ವಾರ ನಿಮ್ಮ ಮನೆಯಲ್ಲಿ ಕೇಳಿದ ಒಂದು ಜಗಳವನ್ನು, ಯಾರದು ಸರಿ ಎಂದು ತೀರ್ಪು ಕೊಡದೆ, ಎರಡು ಪುಟದಲ್ಲಿ ಬರೆದು ತನ್ನಿ. ನಾನು ಓದುತ್ತೇನೆ.