ಹೂತ ಬಲಿಪೀಠಗಳ ಸಾಕ್ಷ್ಯ

ಇಂಗ್ಲೆಂಡಿನ ವಾಯವ್ಯ ಕರಾವಳಿಯ ಮೇರಿಪೋರ್ಟ್ ಪಟ್ಟಣದ ಅಂಚಿನಲ್ಲಿ, ಹುಲ್ಲುಗಾವಲಿನಡಿ ಹುದುಗಿರುವ ರೋಮನ್ ಕೋಟೆಯು, ಹೇಡ್ರಿಯನ್ ಚಕ್ರವರ್ತಿಯ ಗಡಿಗೋಡೆ ಮುಗಿದಲ್ಲಿಂದ ಮುಂದಕ್ಕೆ ಕಡಲತಡಿಯುದ್ದಕ್ಕೂ ಹಬ್ಬಿದ್ದ ಕಾವಲು ನೆಲೆಗಳಲ್ಲಿ ಒಂದಾಗಿತ್ತು. ಕೋಟೆಯ ಹೊರವಲಯದ ಗುಂಡಿಗಳಲ್ಲಿ 1870ರಲ್ಲಿ 17 ಬಲಿಪೀಠಗಳು ದೊರೆತಾಗ, ಧರ್ಮಚಿಂತನೆಗೆ ಸೇರಿದ ಪ್ರಶ್ನೆಯೊಂದೂ ಅವುಗಳೊಂದಿಗೆ ಮೇಲೆದ್ದಿತು: ದೇವರಿಗೆ ಅರ್ಪಿಸಿದ ವಸ್ತುವೊಂದನ್ನು ನೋಡಿ ಅರ್ಪಿಸಿದವರ ಭಕ್ತಿಯನ್ನು ಎಷ್ಟರಮಟ್ಟಿಗೆ ಅರಿಯಬಹುದು?

ಬಲಿಪೀಠವೆಂದರೆ, ಮೇಲ್ತುದಿಯಲ್ಲಿ ನೈವೇದ್ಯಕ್ಕಾಗಿ ತೋಡಿದ ಆಳವಿಲ್ಲದ ಬಟ್ಟಲೂ ಮುಂಬದಿಯಲ್ಲಿ ಶಾಸನವೂ ಇರುವ ನಿಲುಗಲ್ಲು. ಮೇರಿಪೋರ್ಟ್‌ನ ಪೀಠಗಳಲ್ಲಿ ಬಹುಪಾಲು ರೋಮಿನ ಪರಮದೇವನಾದ ಜ್ಯೂಪಿಟರ್‌ಗೆ ಸಲ್ಲುತ್ತವೆ. ಅವುಗಳನ್ನು ನಿಲ್ಲಿಸಿದವರು ಕೋಹಾರ್ಟ್ ಎಂಬ ಸೇನಾತುಕಡಿಯ ದಳಪತಿಗಳು. ಸ್ಪೇನ್ ಮೂಲದ ತುಕಡಿಯ ನಾಯಕ ಮಾರ್ಕಸ್ ಮೇನಿಯಸ್ ಅಗ್ರಿಪ್ಪನು ಇಲ್ಲಿ ಒಂದಕ್ಕಿಂತ ಹೆಚ್ಚು ಪೀಠಗಳನ್ನು ಅರ್ಪಿಸಿದ್ದಾನೆ. ರೋಮನ್ನರು ಪ್ರತಿವರ್ಷ ಜನವರಿ 3ರಂದು ಚಕ್ರವರ್ತಿಯ ಕ್ಷೇಮಕ್ಕಾಗಿ ಹರಕೆ ಹೊತ್ತು, ಹಿಂದಿನ ವರ್ಷದ ಹರಕೆಯನ್ನು ಅಂದೇ ತೀರಿಸುತ್ತಿದ್ದರು. ಇದನ್ನು ಆಧಾರವಾಗಿಟ್ಟುಕೊಂಡು ಇಪ್ಪತ್ತನೆಯ ಶತಮಾನದ ವಿದ್ವಾಂಸರು, ಹೊಸ ಪೀಠ ನಿಲ್ಲಿಸುವಾಗ ಹಳೆಯದನ್ನು ಸೈನಿಕರು ವಿಧಿಪೂರ್ವಕವಾಗಿ ಭೂಗತಗೊಳಿಸುತ್ತಿದ್ದರೆಂದು ಊಹಿಸಿದರು. ದಶಕಗಳ ಕಾಲ ಆ ಊಹೆಯೇ ಸಂಗತಿಯಂತೆ ಪಾಠವಾಯಿತು.

2011ರಲ್ಲಿ ಪುರಾತತ್ವಜ್ಞರಾದ ಇಯಾನ್ ಹೇನ್ಸ್ ಮತ್ತು ಟೋನಿ ವಿಲ್ಮಟ್ ಅದೇ ನೆಲವನ್ನು ಮತ್ತೆ ಅಗೆದಾಗ ತಿಳಿದುಬಂದದ್ದು ಬೇರೆಯೇ: ಆ ಗುಂಡಿಗಳು ನಂತರದ ಕಾಲದ ದೊಡ್ಡ ಮರದ ಕಟ್ಟಡವೊಂದರ ಕಂಬಗುಣಿಗಳಾಗಿದ್ದು, ಕಂಬಗಳು ಅಲುಗದಂತೆ ಸುತ್ತ ಬಿಗಿಯಲು ಪೀಠಗಳನ್ನು ಇತರ ಕಲ್ಲುಗಳಂತೆಯೇ ತುಂಬಲಾಗಿತ್ತು. ಭಕ್ತಿಯ ಕ್ರಿಯೆಯೆಂದು ನಂಬಲಾಗಿದ್ದುದು ಕಟ್ಟಡದ ಕೆಲಸವಾಗಿತ್ತು.

ಇದನ್ನು ತಿಳಿದವರು ಹಿಂದಿನ ತಪ್ಪಿನ ಎದುರು ದಿಕ್ಕಿಗೆ ಹೊರಳಿ, ನಂತರದವರು ಹಳೆಯ ದೇವರನ್ನು ಧಿಕ್ಕರಿಸಿದರೆಂದು ಹೇಳುವುದೂ ಅಷ್ಟೇ ಆತುರದ ಮಾತಾದೀತು. ಗುಣಿಗೆ ಇಳಿಸಿದ ಕಲ್ಲು ಅದನ್ನು ಎಲ್ಲಿ, ಹೇಗೆ ಬಳಸಲಾಯಿತೆಂಬುದನ್ನು ಹೇಳಬಲ್ಲದು. ಇಳಿಸಿದ ಕೈಯಲ್ಲಿ ತಿರಸ್ಕಾರವಿತ್ತೋ, ಮರೆವಿತ್ತೋ, ಉಳಿದ ಅಳುಕಿತ್ತೋ ಎಂಬುದನ್ನು ಹೇಳಲಾರದು. ಪವಿತ್ರತೆಯು ವಸ್ತುವಿನೊಳಗೆ ಸ್ಥಿರವಾಗಿ ನೆಲೆಸಿರುತ್ತದೆಂಬ ಪೂರ್ವಗ್ರಹವೇ ಎರಡೂ ತಪ್ಪುಗಳ ಬೇರು. ರೋಮನ್ ಹರಕೆಗಲ್ಲುಗಳ ಕೊನೆಯಲ್ಲಿ ಸಾಮಾನ್ಯವಾಗಿ ಕಾಣುವ ವಿ, ಎಸ್, ಎಲ್, ಎಂ ಎಂಬ ನಾಲ್ಕು ಅಕ್ಷರಗಳು, ಹರಕೆ ಹೊತ್ತವನು ಅದನ್ನು ಮನಃಪೂರ್ವಕವಾಗಿ, ಸಲ್ಲತಕ್ಕ ರೀತಿಯಲ್ಲಿ ತೀರಿಸಿದನೆಂದು ಸಾರುತ್ತವೆ. ದೇವರಿಗೂ ದಳಪತಿಗೂ ನಡುವಣ ಒಪ್ಪಂದ ಅಲ್ಲಿಗೆ ಪೂರ್ಣಗೊಂಡಿತ್ತು. ಆ ಕಲ್ಲಿನ ಮುಂದಿನ ಗತಿಯು ಒಪ್ಪಂದದ ಷರತ್ತಾಗಿರಲಿಲ್ಲವಾದ್ದರಿಂದ, ಕಂಬದ ಬುಡದಲ್ಲಿ ಬಿದ್ದ ಮಾತ್ರಕ್ಕೆ ಅಗ್ರಿಪ್ಪನಂಥವರು ತೀರಿಸಿದ ಹರಕೆ ಸುಳ್ಳಾಗುವುದಿಲ್ಲ.